ಮರುಕಲಿಕೆಯ 50 ಗಂಟೆಗೆ ಯಾವ ಕೋರ್ಸ್? ತುರ್ತು ಸ್ಥಿತಿ ಮತ್ತು ಕೀಲಿನ ಗಾಯ: ಅಕ್ಯುಪಂಕ್ಚರ್ ಮಾಡುವವರಿಗೆ ಒಂದು ಹೋಲಿಕೆ

ನನ್ನ ಕ್ಲಿನಿಕ್ಕಿನ ಡ್ರಾಯರಿನಲ್ಲಿ ಒಂದು ಟೈಲರ್ ಟೇಪ್ ಇದೆ. ರವಿಕೆ ಅಳತೆಗೆ ಬಳಸುವ ಹಳದಿ ಟೇಪ್. ಮೂರು ಗಂಟೆಯ ಒಂದು ಸಣ್ಣ ಕೋರ್ಸ್ ಮುಗಿಸಿಕೊಂಡು ಬಂದ ಮಾರನೇ ದಿನ ಅದನ್ನು ಅಲ್ಲಿಟ್ಟೆ. ಆರು ವಾರದೊಳಗೆ ಕೆಲಸಕ್ಕೆ ಬಂತು.

ಮಗಳ ಬಾಣಂತನಕ್ಕೆಂದು ತಿಪಟೂರಿನ ಕಡೆಯಿಂದ ಕ್ಯಾಲಿಫೋರ್ನಿಯಾಕ್ಕೆ ಬಂದಿದ್ದ ಅಮ್ಮ ಒಬ್ಬರು. ಬಂದು ನಾಲ್ಕನೇ ದಿನ. ಎಡಗಾಲು ಎಳೆದುಕೊಂಡು ಒಳಗೆ ಬಂದರು. "ವಿಮಾನದಲ್ಲಿ ಕೂತು ಕೂತು ಮೀನಖಂಡ ಹಿಡ್ಕೊಂಡಿದೆ ಕಣಮ್ಮ. ಮಗೂಗೆ ನೀರು ಹಾಕೋಕೆ ಕಾಲು ಚಾಚಿ ಕೂರಕ್ಕಾಗ್ತಿಲ್ಲ. ಎರಡು ಸೂಜಿ ಹಾಕಿಬಿಡು" ಅಂದರು. ಸೀರೆ ಸ್ವಲ್ಪ ಮೇಲೆತ್ತಿ ನೋಡಿದೆ. ಎರಡೂ ಕಾಲು ಮೇಲ್ನೋಟಕ್ಕೆ ಒಂದೇ ಥರ ಇದ್ದವು. ಟೇಪ್ ತೆಗೆದೆ. ಮಂಡಿಚಿಪ್ಪಿನ ಕೆಳಗೆ ಕೈಗೆ ಸಿಗುವ ಮೂಳೆಯ ಉಬ್ಬಿನಿಂದ 10 ಸೆಂಟಿಮೀಟರ್ ಕೆಳಗೆ ಪೆನ್ನಿನಿಂದ ಗುರುತು ಹಾಕಿ ಸುತ್ತಳತೆ ತೆಗೆದೆ. ಬಲಗಾಲು 33, ಎಡಗಾಲು 37. ಮೂರು ಸೆಂಟಿಮೀಟರಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಸುಮ್ಮನಿರಬೇಡಿ ಅಂತ ಆ ಕೋರ್ಸಿನಲ್ಲಿ ಹೇಳಿದ್ದರು. ಸೂಜಿಯ ಪ್ಯಾಕೆಟ್ ಒಡೆಯಲೇ ಇಲ್ಲ. ಮಗಳಿಗೆ ಫೋನ್ ಮಾಡಿ ನೇರ ತುರ್ತು ವಿಭಾಗಕ್ಕೆ ಕಳಿಸಿದೆ. ಅಲ್ಟ್ರಾಸೌಂಡಿನಲ್ಲಿ ಕಾಲಿನ ಒಳರಕ್ತನಾಳದಲ್ಲಿ ಹೆಪ್ಪು ಕಂಡಿತು.

ಆ ಕೋರ್ಸಿಗೆ ಹೋಗುವ ಮೊದಲು ಅವರು ಬಂದಿದ್ದರೆ? ಮೀನಖಂಡದ ನಡುವಿನ ಚೆಂಗ್‌ಶಾನ್ ಬಿಂದುವಿಗೆ ಸೂಜಿ ಹಾಕಿ, ಎಣ್ಣೆ ಹಚ್ಚಿ ಚೆನ್ನಾಗಿ ತಿಕ್ಕಿ, ಕಪ್ಪಿಂಗನ್ನೂ ಮಾಡಿ ಕಳಿಸುತ್ತಿದ್ದೆ. ಹೆಪ್ಪು ಕದಲಿ ಶ್ವಾಸಕೋಶಕ್ಕೆ ಹೋಗಿದ್ದರೆ ಏನಾಗುತ್ತಿತ್ತು ಅಂತ ಈಗಲೂ ಒಮ್ಮೊಮ್ಮೆ ರಾತ್ರಿ ನೆನಪಾಗುತ್ತದೆ.

ಹಾಗಾಗಿ ಮರುಕಲಿಕೆಯ ಕೋರ್ಸ್ ಆರಿಸುವಾಗ ನಾನು ಮೊದಲು ಕೇಳಿಕೊಳ್ಳುವುದು ಇದನ್ನೇ: ಸೂಜಿ ಯಾವಾಗ ಹಾಕಬಾರದು ಅನ್ನುವುದನ್ನು ಇವರು ಕಲಿಸುತ್ತಾರಾ? ತುರ್ತು ಸ್ಥಿತಿ, ಕೀಲಿನ ಗಾಯ ಎಂಬ ಎರಡು ವಿಷಯದಲ್ಲಂತೂ ಇದೇ ಮುಖ್ಯ. ಬಿಂದುಗಳು ನಮಗೆ ಗೊತ್ತೇ ಇವೆ. ಕಡಿಮೆ ಇರುವುದು ಪರೀಕ್ಷೆ ಮಾಡುವ ಕೈ.

ಮೊದಲು ಲೆಕ್ಕ

ನಾನಿರುವ ಕ್ಯಾಲಿಫೋರ್ನಿಯಾದ ಲೆಕ್ಕ ಹೇಳುತ್ತೇನೆ. ಇಲ್ಲಿ ಲೈಸೆನ್ಸ್ ನವೀಕರಿಸಲು 2 ವರ್ಷಕ್ಕೆ 50 ಗಂಟೆ ಮರುಕಲಿಕೆ ಬೇಕು. ಕೋರ್ಸ್ ಕೊಡುವವರಿಗೆ ಕ್ಯಾಲಿಫೋರ್ನಿಯಾ ಅಕ್ಯುಪಂಕ್ಚರ್ ಬೋರ್ಡಿನ ಮಂಜೂರಾತಿ ಇರಬೇಕು. ಮನೆಯಲ್ಲೇ ಕೂತು ನಮ್ಮಷ್ಟಕ್ಕೆ ಕಲಿಯುವುದಕ್ಕೆ ಅರ್ಧದ ಮಿತಿ ಇದೆ, ಅಂದರೆ 25 ಗಂಟೆ. ಕ್ಲಿನಿಕ್ ನಡೆಸುವ ವ್ಯವಹಾರದಂಥ ವಿಷಯಗಳಿಗೆ 5 ಗಂಟೆ ಮಾತ್ರ. ಫ್ಲಾರಿಡಾದಲ್ಲಿ 2 ವರ್ಷಕ್ಕೆ 30 ಗಂಟೆ. ಅದರಲ್ಲಿ ವೈದ್ಯಕೀಯ ತಪ್ಪುಗಳನ್ನು ತಡೆಯುವ ಬಗ್ಗೆ 2 ಗಂಟೆ ಕಡ್ಡಾಯ. ಎನ್‌ಸಿಸಿಎಒಎಂ ಎಂಬ ಹೆಸರಿನಲ್ಲಿ ನಮಗೆಲ್ಲ ಪರಿಚಯವಿರುವ ರಾಷ್ಟ್ರೀಯ ಪ್ರಮಾಣಪತ್ರ ಇದ್ದವರಿಗೆ 4 ವರ್ಷಕ್ಕೆ 60 ಅಂಕ ಬೇಕು. ಒಂದು ಗಂಟೆಗೆ ಒಂದು ಅಂಕ. ಒಂದೇ ಕೋರ್ಸು ರಾಜ್ಯದ ಬೋರ್ಡು, ರಾಷ್ಟ್ರೀಯ ಪ್ರಮಾಣಪತ್ರ ಎರಡರ ಲೆಕ್ಕಕ್ಕೂ ಬರುತ್ತದೆ ಅಂದುಕೊಳ್ಳಬೇಡಿ. ದುಡ್ಡು ಕಟ್ಟುವ ಮೊದಲು ಇಬ್ಬರ ಮಂಜೂರಾತಿ ಸಂಖ್ಯೆಯನ್ನೂ ಕೇಳಿ ತೆಗೆದುಕೊಳ್ಳಿ.

ಇನ್ನೊಂದು ವಿಷಯ ನಮ್ಮವರಲ್ಲಿ ಅನೇಕರು ಮರೆಯುತ್ತಾರೆ. ಕ್ಯಾಲಿಫೋರ್ನಿಯಾದ ಕಾನೂನು ಅಕ್ಯುಪಂಕ್ಚರನ್ನು ಪ್ರಾಥಮಿಕ ಆರೋಗ್ಯ ವೃತ್ತಿ ಅಂತ ಕರೆಯುತ್ತದೆ. ರೋಗಿ ಬೇರೆ ಡಾಕ್ಟರ ಚೀಟಿ ಇಲ್ಲದೆ ನೇರ ನಮ್ಮ ಬಾಗಿಲಿಗೆ ಬರಬಹುದು. ಬರುತ್ತಾರೆ ಕೂಡ. ಅದರಲ್ಲೂ ಊರಿನಿಂದ ಬಂದ ಅಪ್ಪ ಅಮ್ಮಂದಿರ ಹತ್ತಿರ ಇರುವುದು ಬರೀ ಪ್ರವಾಸದ ವಿಮೆ. ಆಸ್ಪತ್ರೆಗೆ ಹೋದರೆ ಸಾವಿರಾರು ಡಾಲರ್ ಬಿಲ್ ಅಂತ ಹೆದರಿ, "ಮೊದಲು ನಮ್ಮ ಕನ್ನಡದವರ ಹತ್ತಿರ ತೋರಿಸೋಣ" ಅಂತ ಬರುತ್ತಾರೆ. ಅವರನ್ನು ಮೊದಲು ಮುಟ್ಟಿ ನೋಡುವವರು ನಾವೇ ಆಗಿರುತ್ತೇವೆ.

ರೆಕಾರ್ಡ್ ಮಾಡಿದ್ದು, ಲೈವ್, ಕೈಗೆ ಕೈ ತಾಗಿಸಿ ಕಲಿಯುವುದು

ರೆಕಾರ್ಡ್ ಮಾಡಿದ ಕೋರ್ಸ್ ಅಗ್ಗ. ಮಗು ಮಲಗಿದ ಮೇಲೆ ನೋಡಬಹುದು, ನಿಲ್ಲಿಸಿ ಮತ್ತೆ ನೋಡಬಹುದು. ಔಷಧಿಗಳ ಹೆಸರು, ರಕ್ತ ತೆಳು ಮಾಡುವ ಮಾತ್ರೆಗಳು, ಎಕ್ಸ್‌ರೇ ವರದಿ ಓದುವುದು, ರೋಗಿಯನ್ನು ಆಸ್ಪತ್ರೆಗೆ ಕಳಿಸುವಾಗ ಪತ್ರ ಬರೆಯುವುದು, ಇಂಥದ್ದಕ್ಕೆಲ್ಲ ಇದು ಸಾಕು. ತಲೆಗೆ ಹೋಗಬೇಕಾದ ವಿಷಯಕ್ಕೆ ಒಳ್ಳೆಯದು.

ಆದರೆ ಕೀಲಿನ ಪರೀಕ್ಷೆಯನ್ನು ವಿಡಿಯೋ ನೋಡಿ ಕಲಿಯಬಹುದು ಅಂದುಕೊಂಡು ನಾನು ಒಮ್ಮೆ ಮೋಸ ಹೋದೆ. ಮಂಡಿಯ ಹತ್ತಾರು ಪರೀಕ್ಷೆಗಳ ಕೋರ್ಸು. ಪರದೆಯ ಮೇಲೆ ಎಲ್ಲ ಚೆನ್ನಾಗಿಯೇ ಕಂಡಿತು. ಕೊನೆಯಲ್ಲಿ ಹತ್ತು ಪ್ರಶ್ನೆ, ಹತ್ತೂ ಸರಿ, ಸರ್ಟಿಫಿಕೇಟ್ ಬಂತು. ಮುಂದಿನ ವಾರ ಫುಟ್‌ಬಾಲ್ ಆಡಿ ಮಂಡಿ ತಿರುಚಿಕೊಂಡ ಹುಡುಗ ಬಂದ. ಅವನ ಮೊಣಕಾಲನ್ನು ಎರಡು ಕೈಯಲ್ಲಿ ಹಿಡಿದು ಮುಂದಕ್ಕೆ ಎಳೆದೆ. ಸಡಿಲ ಇದೆಯಾ, ಇಲ್ಲವಾ? ಗೊತ್ತೇ ಆಗಲಿಲ್ಲ. ಸರಿಯಿರುವ ಮಂಡಿ ಎಷ್ಟು ಜರುಗುತ್ತದೆ ಅಂತಲೇ ನನ್ನ ಕೈಗೆ ಗೊತ್ತಿರಲಿಲ್ಲ. ಅವನನ್ನು ಮೂಳೆ ಡಾಕ್ಟರ ಹತ್ತಿರ ಕಳಿಸಿದೆ, ಅದು ಸರಿಯೇ. ಆದರೆ ಪತ್ರದಲ್ಲಿ ಬರೆಯಲು ನನ್ನ ಬಳಿ ಏನೂ ಇರಲಿಲ್ಲ.

ಆಮೇಲೆ ಎರಡು ದಿನದ ಕಾರ್ಯಾಗಾರಕ್ಕೆ ಹೋದೆ. ಮೊದಲ ದಿನ ಬೆಳಿಗ್ಗೆ ಸೂಜಿ ಮುಟ್ಟಲು ಬಿಡಲೇ ಇಲ್ಲ. ಇಪ್ಪತ್ತು ಜನ, ಇಪ್ಪತ್ತು ಜೊತೆ ಮಂಡಿ. ಒಬ್ಬೊಬ್ಬರದ್ದನ್ನೂ ಹಿಡಿದು ನೋಡಬೇಕು. ಕೆಲವರ ಮಂಡಿ ಹುಟ್ಟಿನಿಂದಲೇ ಸಡಿಲ. ಒಬ್ಬಾಕೆಗೆ ಹಿಂದೆ ಶಸ್ತ್ರಚಿಕಿತ್ಸೆ ಆಗಿತ್ತು. ಹತ್ತನೇ ಮಂಡಿಯ ಹೊತ್ತಿಗೆ ನನ್ನ ಬೆರಳಿಗೆ ವ್ಯತ್ಯಾಸ ತಿಳಿಯತೊಡಗಿತು. ಕಲಿಸುವವರು ನನ್ನ ಕೈಯ ಮೇಲೆ ಕೈಯಿಟ್ಟು, "ಇಷ್ಟು ಜೋರು ಬೇಡ. ಆಕೆಯ ತೊಡೆ ಬಿಗಿಯಾಗಿದೆ, ಮೊದಲು ಸಡಿಲ ಬಿಡಲು ಹೇಳಿ" ಅಂದರು. ಈ ಒಂದು ಮಾತು ಯಾವ ವಿಡಿಯೋದಲ್ಲೂ ಸಿಗುವುದಿಲ್ಲ.

ಲೈವ್ ವೆಬಿನಾರ್ ಇವೆರಡರ ನಡುವಿನದು. ನಿಮ್ಮದೇ ರೋಗಿಯ ವಿಷಯ ಎತ್ತಿ ಪ್ರಶ್ನೆ ಕೇಳಬಹುದು, ಅದೇ ಅದರ ಬೆಲೆ. ಕ್ಯಾಮೆರಾ ಮುಚ್ಚಿ ಅಡುಗೆ ಮಾಡುತ್ತಾ ಕೇಳುವುದಾದರೆ ರೆಕಾರ್ಡಿಂಗೇ ಸಾಕು ಅಲ್ವಾ? ಲೈವ್ ವೆಬಿನಾರ್ ಬೋರ್ಡಿನ ಲೆಕ್ಕದಲ್ಲಿ ಯಾವ ಕಡೆಗೆ ಬರುತ್ತದೆ ಅನ್ನುವುದನ್ನು ಕೊಡುವವರಿಂದ ಬರಹದಲ್ಲಿ ಕೇಳಿಕೊಳ್ಳಿ.

ತುರ್ತು ಸ್ಥಿತಿ: ಹಳೆಯ ಬಿಂದುಗಳ ಕೋರ್ಸಾ, ಗುರುತಿಸಿ ಕಳಿಸುವ ಕೋರ್ಸಾ?

ತುರ್ತು ಅನ್ನುವ ಹೆಸರಿನಲ್ಲಿ ಎರಡು ಬೇರೆ ಬೇರೆ ಥರದ ಕೋರ್ಸು ನಡೆಯುತ್ತವೆ. ಒಂದು, ಹಳೆಯ ಚೀನೀ ಗ್ರಂಥಗಳಲ್ಲಿರುವ ತುರ್ತು ಬಿಂದುಗಳದ್ದು. ಪ್ರಜ್ಞೆ ತಪ್ಪಿದರೆ ಮೂಗಿನ ಕೆಳಗಿನ ರೆನ್‌ಝೋಂಗ್, ವಾಂತಿಗೆ ಮುಂಗೈಯ ನೈಗುವಾನ್, ಜೋರು ಜ್ವರಕ್ಕೆ ಬೆರಳ ತುದಿಯ ಹತ್ತು ಬಿಂದುಗಳಲ್ಲಿ ಹನಿ ರಕ್ತ ತೆಗೆಯುವುದು. ಇನ್ನೊಂದು, ಎದೆನೋವು, ಪಾರ್ಶ್ವವಾಯು, ಸೋಂಕು, ಮೂಳೆ ಮುರಿತ, ನರ ಒತ್ತಿದ್ದು, ಇವನ್ನು ಕ್ಲಿನಿಕ್ಕಿನಲ್ಲಿ ಕೂತೇ ಗುರುತಿಸಿ ಬೇಗ ಕಳಿಸುವುದನ್ನು ಕಲಿಸುವಂಥದ್ದು.

ಮೊದಲನೆಯದು ನಮ್ಮ ಪರಂಪರೆ, ಅದರ ಬಗ್ಗೆ ನನಗೆ ಗೌರವ ಇದೆ. ನೈಗುವಾನನ್ನು ದಿನಾ ಬಳಸುತ್ತೇನೆ. ಆದರೆ ಇರುವುದು ಒಂದೇ ಕೋರ್ಸಿಗಾಗುವಷ್ಟು ದುಡ್ಡು ಅಂದರೆ ಎರಡನೆಯದನ್ನೇ ತಗೊಳ್ಳಿ ಅಂತ ಖಂಡಿತವಾಗಿ ಹೇಳುತ್ತೇನೆ. ಕಾರಣ ಇದೆ. ಲಕ್ವ ಹೊಡೆದರೆ ಹತ್ತೂ ಬೆರಳಿನ ತುದಿಗೆ ಸೂಜಿ ಚುಚ್ಚಿ ರಕ್ತ ತೆಗೆಯಿರಿ, ರೋಗಿಯನ್ನು ಅಲ್ಲಾಡಿಸಬೇಡಿ ಅನ್ನುವ ವಾಟ್ಸಾಪ್ ಸಂದೇಶ ನಿಮಗೂ ಬಂದಿರಬೇಕು. ಎಷ್ಟೋ ವರ್ಷದಿಂದ ಸುತ್ತುತ್ತಲೇ ಇದೆ. ಅದನ್ನು ನಂಬಿ ಮನೆಯಲ್ಲಿ ಅರ್ಧ ಗಂಟೆ ಕಳೆದರೆ, ಆ ಅರ್ಧ ಗಂಟೆಯೇ ಮಿದುಳಿನ ನಷ್ಟ. ಲಕ್ಷಣ ಶುರುವಾದಾಗಿನಿಂದ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಒಳಗೆ ಹೆಪ್ಪು ಕರಗಿಸುವ ಔಷಧಿ ಕೊಡಲು ಶುರುಮಾಡಬೇಕು, ಆಸ್ಪತ್ರೆಗೆ ಬೇಗ ಹೋದಷ್ಟೂ ಒಳ್ಳೆಯದು. ತುಟಿ ಸೊಟ್ಟ, ಒಂದು ಕೈ ಕೆಳಗೆ ಬೀಳುವುದು, ಮಾತು ತೊದಲುವುದು ಕಂಡರೆ ಮಾಡುವ ಕೆಲಸ ಒಂದೇ. ಇಲ್ಲಿ 911, ಊರಲ್ಲಿ 108. ಎಷ್ಟು ಗಂಟೆಗೆ ಶುರುವಾಯಿತು ಅನ್ನುವುದನ್ನು ಬರೆದುಕೊಳ್ಳಿ, ಆಸ್ಪತ್ರೆಯವರು ಮೊದಲು ಕೇಳುವುದೇ ಅದನ್ನು. ಈ ವಿಷಯದಲ್ಲಿ ಅಡ್ಡಾದಿಡ್ಡಿ ಮಾತಾಡುವ ಕೋರ್ಸಿಗೆ ಯಾರೂ ದುಡ್ಡು ಕೊಡಬಾರದು.

ಒಳ್ಳೆಯ ಕೋರ್ಸಿನ ಪಾಠಪಟ್ಟಿಯಲ್ಲಿ ಏನಿರಬೇಕು? ನನ್ನ ಮಟ್ಟಿಗೆ ಈ ನಾಲ್ಕು ಇರಲೇಬೇಕು.

ಭುಜದ ನೋವಾಗಿ ಬರುವ ಹೃದಯಾಘಾತ. ಎಡ ಭುಜ, ದವಡೆ, ಬೆನ್ನಿನ ಮೇಲ್ಭಾಗ ನೋಯುತ್ತಿದೆ, ಕೈ ಎತ್ತಿದರೂ ಇಳಿಸಿದರೂ ನೋವು ಹಾಗೇ ಇದೆ, ಜೊತೆಗೆ ಬೆವರು, ಸಂಕಟ. ಇದು ಗಟ್ಟಿಯಾದ ಭುಜ ಅಲ್ಲ. ಸಕ್ಕರೆ ಕಾಯಿಲೆ ಇದ್ದವರಲ್ಲಿ, ಹೆಂಗಸರಲ್ಲಿ ಎದೆನೋವೇ ಇಲ್ಲದೆಯೂ ಬರಬಹುದು. ನಮ್ಮ ಊರಿನವರಲ್ಲಿ ಸಕ್ಕರೆ ಕಾಯಿಲೆ ಎಷ್ಟು ಮನೆಗಳಲ್ಲಿದೆ ಅಂತ ನಾನು ಹೇಳಬೇಕಾಗಿಲ್ಲ.

ಬೆನ್ನುನೋವಿನ ಜೊತೆ ಕೂರುವ ಜಾಗ ಜೋಮು ಹಿಡಿಯುವುದು, ಮೂತ್ರ ಕಟ್ಟುವುದು ಅಥವಾ ಗೊತ್ತಾಗದೆ ಹೋಗುವುದು, ಎರಡೂ ಕಾಲಿನಲ್ಲಿ ಬಲ ಕಡಿಮೆ. ಇದಕ್ಕೆ ಅದೇ ದಿನ ಆಸ್ಪತ್ರೆ. ನಮ್ಮ ಹಿರಿಯರು ಇದನ್ನು ತಾವಾಗಿ ಹೇಳುವುದಿಲ್ಲ, ನಾಚಿಕೆ. "ಅಮ್ಮ, ಬಾತ್‌ರೂಮಿಗೆ ಹೋದಾಗ ತೊಳೆದುಕೊಳ್ಳುವುದು ಗೊತ್ತಾಗುತ್ತಾ?" ಅಂತ ಬಿಡಿಸಿ ಕೇಳಬೇಕು. ಕನ್ನಡದಲ್ಲಿ ಕೇಳಿದಾಗಲೇ ಉತ್ತರ ಬರುತ್ತದೆ.

ಕೆಂಪಗೆ ಊದಿ, ಬಿಸಿಯಾಗಿ, ಸ್ವಲ್ಪ ಅಲ್ಲಾಡಿಸಲೂ ಬಿಡದ ಒಂದೇ ಒಂದು ಕೀಲು, ಜೊತೆಗೆ ಜ್ವರ ಅಥವಾ ಚಳಿ. ಗೌಟೂ ಇರಬಹುದು. ಆದರೆ ಕೀಲಿನೊಳಗೆ ಕೀವು ಆಗಿದ್ದರೆ ದಿನಗಳಲ್ಲೇ ಮೃದ್ವಸ್ಥಿ ಹಾಳಾಗುತ್ತದೆ. ಕೀಲಿನ ನೀರು ತೆಗೆದು ಪರೀಕ್ಷೆ ಮಾಡದೆ ಇದು ಯಾವುದು ಅಂತ ಹೇಳುವುದಕ್ಕಾಗುವುದಿಲ್ಲ. ಜ್ವರ ಇಲ್ಲ ಅಂದ ಮಾತ್ರಕ್ಕೆ ಸೋಂಕಿಲ್ಲ ಅಂತಲೂ ಅಲ್ಲ.

ನಾಲ್ಕನೆಯದು ನಮ್ಮ ಕೈಯಿಂದಲೇ ಆಗುವ ತುರ್ತು. ಸೂಜಿ ಶ್ವಾಸಕೋಶದ ಪೊರೆಗೆ ತಾಗಿ ಒಳಗೆ ಗಾಳಿ ಸೇರುವುದು. ಕತ್ತು ಮತ್ತು ಭುಜದ ನಡುವಿನ ಜಿಯಾನ್‌ಜಿಂಗ್ ಬಿಂದು ನಮಗೆಲ್ಲ ಅಚ್ಚುಮೆಚ್ಚು, ಕಂಪ್ಯೂಟರ್ ಮುಂದೆ ಕೂರುವ ಪ್ರತಿಯೊಬ್ಬರಿಗೂ ಬೇಕು. ಬೆನ್ನಿನ ಮೇಲ್ಭಾಗದಲ್ಲಿ ಚರ್ಮದಿಂದ ಶ್ವಾಸಕೋಶಕ್ಕೆ ಕೆಲವು ಕಡೆ ಒಂದೆರಡು ಸೆಂಟಿಮೀಟರ್ ಅಷ್ಟೇ ದೂರ. ನಮ್ಮ ಕೈಯಲ್ಲಿರುವ ಸೂಜಿ 4 ಸೆಂಟಿಮೀಟರಿನದು. ಒಂದು ತರಗತಿಯಲ್ಲಿ ತೆಳ್ಳಗಿನ ಸಹಪಾಠಿಯ ಭುಜದ ಮೇಲೆ ಅಲ್ಟ್ರಾಸೌಂಡ್ ಇಟ್ಟು ತೋರಿಸಿದರು. ಉಸಿರು ಎಳೆದಾಗ ಬೆಳ್ಳಗಿನ ಗೆರೆಯೊಂದು ಹೊಳೆಯುತ್ತಾ ಜಾರುತ್ತಿತ್ತು. ಅದೇ ಶ್ವಾಸಕೋಶದ ಅಂಚು. ಅಷ್ಟು ಹತ್ತಿರವಾ! ಅವತ್ತಿನಿಂದ ಆ ಬಿಂದುವಿಗೆ ನೇರ ಕೆಳಕ್ಕೆ ಸೂಜಿ ಹಾಕಿಲ್ಲ. ಮಾಂಸವನ್ನು ಚಿವುಟಿ ಹಿಡಿದು ಓರೆಯಾಗಿ, ಚಿಕ್ಕ ಸೂಜಿ. ಲಕ್ಷಣ ಕೆಲವೊಮ್ಮೆ ರೋಗಿ ಮನೆಗೆ ಹೋದ ಮೇಲೆ, ಗಂಟೆಗಳ ನಂತರ ಕಾಣಿಸುತ್ತದೆ. ಎದೆಯಲ್ಲಿ ಚುಚ್ಚು, ಒಣ ಕೆಮ್ಮು, ಉಸಿರು ಸಾಲದೆ ಬರುವುದು. ಇದನ್ನು ರೋಗಿಗೆ ಮೊದಲೇ ಹೇಳಿ ಕಳಿಸುವುದು ಹೇಗೆ, ಫೋನ್ ಬಂದರೆ ಏನು ಹೇಳಬೇಕು ಅನ್ನುವುದನ್ನೂ ಕಲಿಸುವ ಕೋರ್ಸ್ ಸಿಕ್ಕರೆ ಬಿಡಬೇಡಿ.

ಅಕ್ಯುಪಂಕ್ಚರಿನವರೇ ಕೊಡಬೇಕು ಅಂತೇನಿಲ್ಲ

ಹೃದಯ ನಿಂತವರ ಎದೆ ಒತ್ತಿ ಉಸಿರು ಕೊಡುವುದನ್ನು ಕಲಿಸುವ ಕೋರ್ಸಿಗೆ ಬಿಎಲ್‌ಎಸ್ (ಬೇಸಿಕ್ ಲೈಫ್ ಸಪೋರ್ಟ್) ಅನ್ನುತ್ತಾರೆ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ನಿನ ಬಿಎಲ್‌ಎಸ್ ಕಾರ್ಡ್ 2 ವರ್ಷ ನಡೆಯುತ್ತದೆ. ಎದೆ ಒತ್ತುವುದು ನಿಮಿಷಕ್ಕೆ 100ರಿಂದ 120 ಸಲ, ಕನಿಷ್ಠ 5 ಸೆಂಟಿಮೀಟರ್ ಆಳ, 30 ಒತ್ತಿಗೆ 2 ಉಸಿರು. ಅಂಕಿ ಎಲ್ಲರಿಗೂ ಬಾಯಿಪಾಠ. ಬೊಂಬೆಯ ಎದೆ ಒತ್ತಿ ಎರಡು ನಿಮಿಷಕ್ಕೆ ತೋಳು ನಡುಗಿದಾಗಲೇ ಅದು ಎಷ್ಟು ಕಷ್ಟ ಅಂತ ಗೊತ್ತಾಗುವುದು. ಆನ್‌ಲೈನಿನಲ್ಲೇ ಪೂರ್ತಿ ಮುಗಿಸಿ ಕಾರ್ಡ್ ಕೊಡುತ್ತೇವೆ ಅನ್ನುವ ಜಾಹೀರಾತುಗಳನ್ನು ಬಿಟ್ಟುಬಿಡಿ.

ರಕ್ತಸ್ರಾವ ನಿಲ್ಲಿಸುವುದನ್ನು ಕಲಿಸುವ ಸ್ಟಾಪ್ ದಿ ಬ್ಲೀಡ್ ಅನ್ನುವ ಅಭಿಯಾನ ಅಮೆರಿಕದಲ್ಲಿ 2015ರಿಂದ ಇದೆ. ಒಂದು ಸಂಜೆ ಸಾಕು, ಹಲವು ಕಡೆ ದುಡ್ಡೂ ತಗೊಳ್ಳುವುದಿಲ್ಲ. ಇಂಥವು ನಿಮ್ಮ 50 ಗಂಟೆಗೆ ಸೇರದೇ ಇರಬಹುದು. ಸೇರದಿದ್ದರೂ ಮಾಡಿ. ಲೈಸೆನ್ಸಿನ ಗಂಟೆಗಾಗಿ ಅಲ್ಲ, ಕಾಯುವ ಕೋಣೆಯಲ್ಲಿ ಕೂತಿರುವವರಿಗಾಗಿ.

ಈ ಭಾಗ ಕರ್ನಾಟಕದಲ್ಲಿ ಅಕ್ಯುಪಂಕ್ಚರ್ ಮಾಡುವವರಿಗೂ ಅಷ್ಟೇ ಅನ್ವಯ. ಭಾರತ ಸರ್ಕಾರ 2003ರಲ್ಲಿ ಅಕ್ಯುಪಂಕ್ಚರನ್ನು ಚಿಕಿತ್ಸಾ ವಿಧಾನ ಅಂತ ಒಪ್ಪಿತು, 2019ರಲ್ಲಿ ಸ್ವತಂತ್ರ ಪದ್ಧತಿಯ ಮಾನ್ಯತೆ ಕೊಟ್ಟಿತು. ಮಹಾರಾಷ್ಟ್ರ ತನ್ನದೇ ಕಾಯ್ದೆ, ಕೌನ್ಸಿಲ್ ಮಾಡಿಕೊಂಡಿದೆ. ನಮ್ಮಲ್ಲಿ ಪ್ರಕೃತಿ ಚಿಕಿತ್ಸೆಯ ಬಿಎನ್‌ವೈಎಸ್ ಓದಿದವರು ಸೂಜಿ ಹಿಡಿಯುವುದೇ ಹೆಚ್ಚು. ಅದೇ ಬಿಎಲ್‌ಎಸ್ ಕೋರ್ಸ್ ಬೆಂಗಳೂರು, ಮಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲೂ ನಡೆಯುತ್ತದೆ. ಅಮೆರಿಕದ ದುಬಾರಿ ವೆಬಿನಾರಿಗೆ ಕಟ್ಟುವ ಮೊದಲು ಅದನ್ನು ಮುಗಿಸಿ.

ಕೀಲಿನ ಗಾಯ: ಮೂರು ದಾರಿ

ಇಲ್ಲಿ ಆಯ್ಕೆ ನಿಜಕ್ಕೂ ಕಷ್ಟ. ಮೂರೂ ಒಳ್ಳೆಯವೇ.

ಒಂದು, ಚೀನಾದ ಹಳೆಯ ಪೆಟ್ಟಿನ ವೈದ್ಯ. ಡಿಯೆ ದಾ ಅನ್ನುತ್ತಾರೆ, ಬಿದ್ದದ್ದು, ಹೊಡೆತ ತಿಂದದ್ದು ಅಂತ ಅರ್ಥ. ಕುಸ್ತಿ, ಕತ್ತಿವರಸೆ ಮಾಡುವವರ ನಡುವೆ ಬೆಳೆದ ವಿದ್ಯೆ. ಹಚ್ಚುವ ತೈಲ, ಪಟ್ಟು, ಕಟ್ಟು, ಕೀಲು ಸರಿಮಾಡುವುದು, ಆಮೇಲೆ ಸೂಜಿ. ನಮ್ಮೂರ ರಸ್ತೆಬದಿಯಲ್ಲಿ ಕಾಣುವ ಪುತ್ತೂರು ಕಟ್ಟಿನ ಬೋರ್ಡು ನೆನಪಾಗುತ್ತದೆ. ಉಳುಕಿದ ಜಾಗಕ್ಕೆ ಐಸ್ ಇಡಬೇಡಿ ಅಂತ ಈ ಪಂಥದವರು ಮೊದಲಿನಿಂದ ಹೇಳುತ್ತಿದ್ದರು. 1978ರಲ್ಲಿ ವಿಶ್ರಾಂತಿ, ಐಸ್, ಬಿಗಿ ಪಟ್ಟಿ, ಮೇಲೆತ್ತಿ ಇಡುವುದು ಎಂಬ ರೈಸ್ ಸೂತ್ರಕ್ಕೆ ಹೆಸರು ಕೊಟ್ಟ ಡಾಕ್ಟರ್ ಗೇಬ್ ಮಿರ್ಕಿನ್ ಅವರೇ ಮುಂದೆ, ಐಸ್ ವಾಸಿಯಾಗುವುದನ್ನು ತಡಮಾಡಬಹುದು ಅಂತ ತಮ್ಮ ಮಾತು ತಿದ್ದಿಕೊಂಡರು. ಹಾಗಂತ ಹಳೆಯದೆಲ್ಲ ಸರಿ ಅಂತ ಅಲ್ಲ. ಎಕ್ಸ್‌ರೇ ಇಲ್ಲದೆ ಕೀಲು ಕೂರಿಸುವುದನ್ನು ಕಲಿಸುವ ಕೋರ್ಸಿನಿಂದ ದೂರ ಇರಿ. ಜಾರಿದ ಭುಜದ ಪಕ್ಕದಲ್ಲಿ ಮೂಳೆಯೂ ಬಿರುಕು ಬಿಟ್ಟಿರಬಹುದು, ನರ ಸಿಕ್ಕಿರಬಹುದು. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರಿಗೆ ರಕ್ತಸ್ರಾವ ನಿಲ್ಲಿಸಲು ಬಳಸುವ ಯುನ್ನಾನ್ ಬೈಯಾವ್‌ನಂಥ ಚೀನೀ ಔಷಧಿಯನ್ನು ಕಣ್ಣುಮುಚ್ಚಿ ಕೊಡುವಂತಿಲ್ಲ.

ಎರಡು, ದೂರದ ಬಿಂದುಗಳ ಪದ್ಧತಿ. ಅಕ್ಯುಪಂಕ್ಚರ್ ಗುರು ಮಾಸ್ಟರ್ ತುಂಗ್ ಅವರ ಬಿಂದುಗಳು, ಸಮತೋಲನದ ವಿಧಾನಗಳು. ಬಲ ಹರಡು ಉಳುಕಿದರೆ ಎಡ ಮಣಿಕಟ್ಟಿಗೆ ಸೂಜಿ. ಊದಿದ ಜಾಗವನ್ನು ಮುಟ್ಟಬೇಕಾಗಿಲ್ಲ ಅನ್ನುವುದು ದೊಡ್ಡ ಅನುಕೂಲ. ಕೆಲವರಿಗೆ ನಿಮಿಷಗಳಲ್ಲಿ ನೋವು ಇಳಿಯುವುದನ್ನು ನಾನೇ ಕಂಡಿದ್ದೇನೆ. ಅಪಾಯವೂ ಅಲ್ಲೇ ಇದೆ. ನೋವು ಇಳಿಯಿತು ಅಂತ ಮುರಿದ ಮೂಳೆಯ ಮೇಲೆ ನಡೆದು ಹೋದರೆ? ಆದ್ದರಿಂದ ಈ ಕೋರ್ಸನ್ನು ಮೊದಲು ಮಾಡಬೇಡಿ. ಮುರಿತ ಇಲ್ಲ ಅಂತ ಕಂಡುಕೊಳ್ಳುವುದನ್ನು ಕಲಿತ ಮೇಲೆ ಮಾಡಿ.

ಮೂರು, ಕ್ರೀಡಾ ಮತ್ತು ಮೂಳೆ ಅಕ್ಯುಪಂಕ್ಚರ್. ಸ್ನಾಯು, ನರ, ಕೀಲಿನ ಪರೀಕ್ಷೆ, ನಡಿಗೆ ನೋಡುವುದು, ಆಮೇಲೆ ಸೂಜಿ ಮತ್ತು ವ್ಯಾಯಾಮ. ನನ್ನ ಒಲವು ಈ ಕಡೆಗೆ. ಈ ದಾರಿಯ ಕೋರ್ಸುಗಳಲ್ಲಿ, ಎಕ್ಸ್‌ರೇ ಬೇಕಾ ಬೇಡವಾ ಅಂತ ತಿಳಿಸುವ ಒಟ್ಟಾವಾ ನಿಯಮ ಬರುತ್ತದೆ. ಕೆನಡಾದ ಇಯಾನ್ ಸ್ಟೀಲ್ ಮತ್ತು ಜೊತೆಗಾರರು 1992ರಲ್ಲಿ ಹರಡಿಗೆ ಮಾಡಿದ್ದು. ಪೆಟ್ಟು ಬಿದ್ದ ಕೂಡಲೂ ಆಗಲಿಲ್ಲ, ಈಗ ನೋಡುವಾಗಲೂ ನಾಲ್ಕು ಹೆಜ್ಜೆ ಊರಿ ನಡೆಯಲು ಆಗುತ್ತಿಲ್ಲವಾ? ಹರಡಿನ ಎರಡೂ ಬದಿಯ ಗುಬ್ಬಿಮೂಳೆಯ ಹಿಂಬದಿ ಅಂಚು, ಕೆಳಗಿನ 6 ಸೆಂಟಿಮೀಟರ್ ಒತ್ತಿದರೆ ನೋವಾ? ಕಿರುಬೆರಳ ಕಡೆಯ ಪಾದದ ಮೂಳೆಯ ಬುಡ, ಒಳಪಾದದ ಮೂಳೆ ಒತ್ತಿದರೆ? ಇದರಲ್ಲಿ ಒಂದು ಹೌದಾದರೂ ಎಕ್ಸ್‌ರೇ. ಮಂಡಿಗೂ ಇಂಥದ್ದೇ ನಿಯಮ ಇದೆ. ವಯಸ್ಸು 55 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಮಂಡಿಚಿಪ್ಪು ಮಾತ್ರ ಒತ್ತಿದಾಗ ನೋವಿದ್ದರೆ, ಹೊರಬದಿಯ ಸಣ್ಣ ಮೂಳೆಯ ತಲೆ ನೋವಿದ್ದರೆ, 90 ಡಿಗ್ರಿ ಮಡಚಲಾಗದಿದ್ದರೆ, ನಾಲ್ಕು ಹೆಜ್ಜೆ ಆಗದಿದ್ದರೆ. ಇಷ್ಟು ಕಲಿಯಲು ಒಂದು ಮಧ್ಯಾಹ್ನ ಸಾಕು, ಬೆರಳಿಗೆ ಬರಲು ಇಪ್ಪತ್ತು ಕಾಲು ಬೇಕು.

ಇನ್ನೊಂದು ಉದಾಹರಣೆ. ನಲವತ್ತು ದಾಟಿದ ಸಾಫ್ಟ್‌ವೇರಿನವರು ಒಬ್ಬರು, ವಾರವಿಡೀ ಕುರ್ಚಿ, ಭಾನುವಾರ ಬ್ಯಾಡ್ಮಿಂಟನ್. "ಹಿಂದಿನಿಂದ ಯಾರೋ ಕಾಲಿಗೆ ಒದ್ದ ಹಾಗಾಯ್ತು, ತಿರುಗಿ ನೋಡಿದರೆ ಯಾರೂ ಇಲ್ಲ" ಅಂದರು. ಆ ಒಂದು ವಾಕ್ಯ ಕೇಳಿದರೆ ಸಾಕು. ಬೋರಲು ಮಲಗಿಸಿ ಮೀನಖಂಡವನ್ನು ಹಿಂಡಿದೆ. ಸರಿಯಿರುವ ಕಾಲಿನಲ್ಲಿ ಪಾದ ಕೆಳಕ್ಕೆ ಬಾಗಿತು. ನೋವಿನ ಕಾಲಿನಲ್ಲಿ ಪಾದ ಅಲ್ಲಾಡಲೇ ಇಲ್ಲ. ಹಿಮ್ಮಡಿಯ ನರ ಅಂತ ನಾವು ಕರೆಯುವ ದಪ್ಪ ಹುರಿ ಹರಿದಿತ್ತು. ಅವರು ನಡೆದೇ ಬಂದಿದ್ದರು, ಅದಕ್ಕೇ ಇದನ್ನು ಬರೀ ಉಳುಕು ಅಂತ ಬಿಡುವುದು ಸುಲಭ.

ಸೂಜಿಯಿಂದ ಎಷ್ಟು ಆಗುತ್ತದೆ ಅನ್ನುವುದನ್ನೂ ಕೋರ್ಸು ಪ್ರಾಮಾಣಿಕವಾಗಿ ಹೇಳಬೇಕು. ಮೆಲ್ಬರ್ನಿನ ನಾಲ್ಕು ಆಸ್ಪತ್ರೆಗಳ ತುರ್ತು ವಿಭಾಗದಲ್ಲಿ 528 ಜನರ ಮೇಲೆ ನಡೆದ ಅಧ್ಯಯನ 2017ರಲ್ಲಿ ಬಂತು. ಬೆನ್ನುನೋವು ಮತ್ತು ಹರಡಿನ ಉಳುಕಿಗೆ ಒಂದು ಗಂಟೆಯ ನಂತರ ಅಕ್ಯುಪಂಕ್ಚರು, ಔಷಧಿ ಹೆಚ್ಚುಕಡಿಮೆ ಸಮ. ಆದರೆ ಆ ಒಂದು ಗಂಟೆಯಲ್ಲಿ ಎರಡರಿಂದಲೂ ಹೆಚ್ಚಿನವರ ನೋವು ಸಾಕಷ್ಟು ಇಳಿದಿರಲಿಲ್ಲ. ಮಂಡಿ ಸವೆತಕ್ಕೆ ಅಮೆರಿಕದ ಸಂಧಿವಾತ ವೈದ್ಯರ ಕಾಲೇಜು 2019ರಲ್ಲಿ ಷರತ್ತಿನ ಮೇಲೆ ಅಕ್ಯುಪಂಕ್ಚರ್ ಆಗಬಹುದು ಅಂದಿತು, ಚಿಕಿತ್ಸೆಯ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2022ರಲ್ಲಿ ಬೇಡ ಅಂದಿತು. ಎರಡನ್ನೂ ಮುಂದಿಟ್ಟು ಚರ್ಚೆ ಮಾಡುವ ಮೇಷ್ಟರು ಸಿಕ್ಕರೆ ಪುಣ್ಯ. ಒಂದನ್ನೇ ತೋರಿಸಿ ಇನ್ನೊಂದನ್ನು ಮುಚ್ಚಿಡುವವರ ಬೇರೆ ಮಾತನ್ನೂ ಅನುಮಾನದಿಂದ ಕೇಳಬೇಕಾಗುತ್ತದೆ.

ವಾರಾಂತ್ಯವೋ, ವರ್ಷಗಟ್ಟಲೆಯ ಸರ್ಟಿಫಿಕೇಟೋ?

ಕ್ರೀಡಾ ಅಕ್ಯುಪಂಕ್ಚರಿನಲ್ಲಿ ದೀರ್ಘ ಕೋರ್ಸುಗಳಿವೆ. ಹಲವು ಭಾಗ, ಹಲವು ಪ್ರಯಾಣ, ಕೆಲವದರಲ್ಲಿ ಶವದ ಮೇಲೆ ಅಂಗರಚನೆಯ ಪಾಠ. ನಿಮ್ಮ ರೋಗಿಗಳಲ್ಲಿ ಅರ್ಧದಷ್ಟು ಜನ ಓಟಗಾರರು, ಕ್ರಿಕೆಟ್ ಆಡುವವರು, ನೃತ್ಯ ಮಾಡುವವರು ಆಗಿದ್ದರೆ ಖಂಡಿತ ಮಾಡಿ. ಬಂಜೆತನ, ನಿದ್ದೆ, ಹೊಟ್ಟೆಯ ತೊಂದರೆಗಳೇ ಹೆಚ್ಚಾಗಿದ್ದರೆ ಬೇಡ. ಎರಡು ದಿನದ ಕಾರ್ಯಾಗಾರಕ್ಕೆ ಹೋಗಿ, ಆರು ತಿಂಗಳು ಬಿಟ್ಟು ಅದೇ ಕಾರ್ಯಾಗಾರಕ್ಕೆ ಇನ್ನೊಮ್ಮೆ ಹೋಗಿ. ಎರಡನೇ ಸಲಕ್ಕೆ ಕೆಲವರು ಅರ್ಧ ದುಡ್ಡು ತಗೊಳ್ಳುತ್ತಾರೆ, ಕೇಳಿ ನೋಡಿ. ನನಗೆ ನಿಜವಾಗಿ ಕಲಿಕೆ ಆಗಿದ್ದು ಎರಡನೇ ಸಲವೇ.

ಚುಚ್ಚುಮದ್ದು ಕಲಿಸುವ ಕೋರ್ಸುಗಳ ಬಗ್ಗೆ ಒಂದು ಎಚ್ಚರ. ಫ್ಲಾರಿಡಾದಲ್ಲಿ ಬಿಂದುಗಳಿಗೆ ಚುಚ್ಚುಮದ್ದು ಕೊಡಲು ತರಬೇತಿ ಪಡೆದವರಿಗೆ ಅವಕಾಶ ಇದೆ, ಕ್ಯಾಲಿಫೋರ್ನಿಯಾದಲ್ಲಿ ಇಲ್ಲ. ಸರ್ಟಿಫಿಕೇಟ್ ಕೈಯಲ್ಲಿದೆ ಅಂತ ಮಾಡುವಂತಿಲ್ಲ.

ಈಗ ನನ್ನದೇ 50 ಗಂಟೆಯನ್ನು ಮತ್ತೆ ಹಂಚಬೇಕು ಅಂದರೆ ಹೀಗೆ ಮಾಡುತ್ತೇನೆ. ಕೀಲಿನ ಪರೀಕ್ಷೆಯ ವಾರಾಂತ್ಯದ ಕಾರ್ಯಾಗಾರಕ್ಕೆ 16. ತುರ್ತು ಸ್ಥಿತಿ ಗುರುತಿಸುವ ನೇರ ತರಗತಿಗೆ 8. ಎದೆ ಮತ್ತು ಬೆನ್ನಿನ ಸೂಜಿಯ ಸುರಕ್ಷತೆಗೆ 4, ಅಲ್ಟ್ರಾಸೌಂಡ್ ಇದ್ದರೆ ಒಳ್ಳೆಯದು. ಉಳಿದ 22 ಮನೆಯಲ್ಲಿ, ರೆಕಾರ್ಡಿಂಗ್. ದೂರದ ಬಿಂದುಗಳೂ, ಪೆಟ್ಟಿನ ವೈದ್ಯದ ತೈಲಗಳೂ ಈ 22ರಲ್ಲಿ ಬರಲಿ. ಬಿಎಲ್‌ಎಸ್ ಇದರ ಮೇಲೆ. ಹೊಸದಾಗಿ ಲೈಸೆನ್ಸ್ ತಗೊಂಡವರು ಮೊದಲು ಆ 8 ಗಂಟೆಯದನ್ನು ಮಾಡಿ, ಉಳಿದದ್ದು ಆಮೇಲೆ.

ದುಡ್ಡು ಕಟ್ಟುವ ಮೊದಲು ಕೋರ್ಸಿನವರಿಗೆ ಒಂದು ಮೇಲ್ ಹಾಕಿ. ಒಬ್ಬ ಮೇಷ್ಟರಿಗೆ ಎಷ್ಟು ಜನ ವಿದ್ಯಾರ್ಥಿಗಳು? ಹತ್ತು ಹನ್ನೆರಡು ದಾಟಿದರೆ ನಿಮ್ಮ ಕೈಯನ್ನು ಯಾರೂ ನೋಡುವುದಿಲ್ಲ. ಎಷ್ಟು ಹೊತ್ತು ಪರಸ್ಪರ ಪರೀಕ್ಷೆ ಮಾಡಿಸುತ್ತೀರಿ? ಯಾವ ರೋಗಿಯನ್ನು ಕಳಿಸಿಬಿಡಬೇಕು ಅನ್ನುವ ಪಾಠ ಎಷ್ಟು ಗಂಟೆ? ಕಲಿಸುವವರು ಈಗಲೂ ವಾರದಲ್ಲಿ ಎಷ್ಟು ರೋಗಿಗಳನ್ನು ನೋಡುತ್ತಾರೆ? ಇವಕ್ಕೆ ನೇರ ಉತ್ತರ ಬರದಿದ್ದರೆ ಬೇರೆ ಕೋರ್ಸ್ ಹುಡುಕಿ.

ಕಾರ್ಯಾಗಾರಕ್ಕೆ ಹೋಗುವಾಗ ಮಂಡಿ ಕಾಣುವ ಚಡ್ಡಿ, ಭುಜ ಕಾಣುವ ಬನಿಯನ್ ತಗೊಂಡು ಹೋಗಿ. ಇಲ್ಲದಿದ್ದರೆ ಇಡೀ ದಿನ ಪಕ್ಕದವರದ್ದನ್ನು ನೋಡುತ್ತಾ ಕೂರಬೇಕಾಗುತ್ತದೆ. ಸರ್ಟಿಫಿಕೇಟನ್ನು ಅವತ್ತೇ ಸ್ಕ್ಯಾನ್ ಮಾಡಿ ಎರಡು ಕಡೆ ಇಡಿ, ಕ್ಯಾಲಿಫೋರ್ನಿಯಾದಲ್ಲಿ 4 ವರ್ಷ ಇಟ್ಟುಕೊಳ್ಳಬೇಕು, ಬೋರ್ಡು ಯಾವಾಗ ಬೇಕಾದರೂ ಕೇಳಬಹುದು. ಮತ್ತೆ ಆ ಟೇಪ್, ಯಾವ ಬಟ್ಟೆ ಅಂಗಡಿಯಲ್ಲೂ ಸಿಗುತ್ತದೆ. ಸೆಂಟಿಮೀಟರ್ ಇರುವುದನ್ನೇ ತಗೊಳ್ಳಿ, ಬರೀ ಇಂಚಿನದು ಬೇಡ.